ಕಾಲುವೆ ಅಳೆಯಲು ಬಂದವರು ದಿಬ್ಬ ಅಳೆದರು

ಪ್ರಶ್ನೆ: ಮಗಳು ಅಮೆರಿಕದ ಮಿಲ್ವಾಕಿಯಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಲೇಕ್ ಪಾರ್ಕ್‌ನಲ್ಲಿ ಒಂದು ಸಣ್ಣ ಮಣ್ಣಿನ ದಿಬ್ಬ ನೋಡಿದೆ. ಮೂಲನಿವಾಸಿಗಳು ಕಟ್ಟಿದ್ದು, ಇಂಥವು ಈ ರಾಜ್ಯದಲ್ಲಿ ಸಾವಿರಾರು ಇದ್ದವು, ಲ್ಯಾಪಮ್ ಎಂಬ ಇಂಜಿನಿಯರ್ ಬಹಳಷ್ಟನ್ನು ಅಳೆದು ನಕ್ಷೆ ಮಾಡಿಟ್ಟಿದ್ದಾರೆ ಎಂದು ಹೇಳಿದರು. ಆತ ಕಾಲೇಜಿನ ಮುಖ ನೋಡಿದವರಲ್ಲವಂತೆ. ನಾನು ಸರ್ವೇ ಕೆಲಸದಲ್ಲೇ ಸರ್ವಿಸ್ ಮುಗಿಸಿದವನು, ಹಾಗಾಗಿ ಕುತೂಹಲ. ಓದದೆ ಇಂಜಿನಿಯರ್ ಆಗಿದ್ದು ಹೇಗೆ? ಪುರಾತತ್ವ ಗೊತ್ತಿಲ್ಲದವರು ಮಾಡಿದ ಅಳತೆಯನ್ನು ಈಗ ನಂಬಬಹುದಾ? ಮುಂದಿನ ಸಲ ಹೋದಾಗ ಏನು ನೋಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ನಂಬಿಕೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಸರ್ವೇಯವರಿಗೆ ಅದೇ ಮುಖ್ಯ ಅಲ್ವಾ. ಲ್ಯಾಪಮ್ ಅಳತೆಯನ್ನು ಬಹುಮಟ್ಟಿಗೆ ನಂಬಬಹುದು. ಅಳೆದ ದಿಬ್ಬಕ್ಕೆ ಅವರು ಕೊಟ್ಟ ಹೆಸರನ್ನು ಮಾತ್ರ ಹಾಗೇ ಒಪ್ಪಿಕೊಳ್ಳಬೇಡಿ. ಯಾಕೆ ಅನ್ನೋದು ಅವರ ಕಥೆಯಲ್ಲೇ ಇದೆ.

ಪೂರ್ತಿ ಹೆಸರು ಇನ್‌ಕ್ರೀಸ್ ಅಲೆನ್ ಲ್ಯಾಪಮ್. ಹುಟ್ಟಿದ್ದು 1811ರ ಮಾರ್ಚ್ 7ರಂದು, ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಊರಲ್ಲಿ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬ. ಅಪ್ಪ ಸೆನೆಕಾ ಕಾಲುವೆ ಗುತ್ತಿಗೆದಾರ. ಆಗ ಅಮೆರಿಕದಲ್ಲಿ ಎಲ್ಲಿ ನೋಡಿದರೂ ಕಾಲುವೆ ಕೆಲಸ. ನಮ್ಮ ಹಾಗೆ ನೀರಾವರಿ ಕಾಲುವೆ ಅಲ್ಲ, ದೋಣಿಯಲ್ಲಿ ಸರಕು ಸಾಗಿಸುವ ಕಾಲುವೆ. ಗುತ್ತಿಗೆ ಸಿಕ್ಕ ಕಡೆಗೆಲ್ಲ ಸಂಸಾರವೂ ಸಾಗುತ್ತಿತ್ತು. ಹೀಗಾಗಿ ಸ್ಥಿರವಾಗಿ ಒಂದು ಶಾಲೆ ಅಂತ ಇರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆ 584 ಕಿಲೋಮೀಟರ್ ಉದ್ದದ್ದು, 1825ರಲ್ಲಿ ಪೂರ್ತಿಯಾಯಿತು. ಅದರ ಅತಿ ಕಷ್ಟದ ಜಾಗ ಲಾಕ್‌ಪೋರ್ಟ್. ಅಲ್ಲಿ ಸುಮಾರು 60 ಅಡಿಯ ಬಂಡೆಯ ಏರು. ದೋಣಿ ಅದನ್ನು ಹತ್ತಬೇಕು. ಒಂದರ ಮೇಲೊಂದು ಐದು ಲಾಕ್, ಅಂದರೆ ಬಾಗಿಲಿರುವ ನೀರಿನ ತೊಟ್ಟಿಗಳು. ಹೋಗುವ ದೋಣಿಗೆ ಐದು, ಬರುವ ದೋಣಿಗೆ ಐದು. 13 ವರ್ಷದ ಲ್ಯಾಪಮ್ ಇಲ್ಲಿ ಲಾಕ್‌ಗಳ ಗೋಡೆಗೆ ಕಲ್ಲು ಕಡಿಯುವ ಕೆಲಸಕ್ಕೆ ನಿಂತ. ನೋಡಲು ಬರುತ್ತಿದ್ದ ಜನಕ್ಕೆ ಲಾಕ್‌ಗಳ ನಕ್ಷೆ ಬರೆದು ಮಾರುತ್ತಿದ್ದನಂತೆ! ಬಂಡೆ ಒಡೆದಾಗ ಸಿಗುತ್ತಿದ್ದ ಹರಳುಗಳನ್ನು ನೋಡಿಯೇ ತನಗೆ ಖನಿಜಗಳ ಹುಚ್ಚು ಹಿಡಿಯಿತು, ಎಲ್ಲವನ್ನೂ ಗಮನಿಸಿ ನೋಡುವ ಅಭ್ಯಾಸ ಅಲ್ಲೇ ಶುರುವಾಯಿತು ಎಂದು ಮುಂದೆ ಬರೆದುಕೊಂಡಿದ್ದಾರೆ.

ಆಮೇಲೆ ಕೆನಡಾದ ವೆಲ್ಯಾಂಡ್ ಕಾಲುವೆ, ಒಹಾಯೊದ ಮಯಾಮಿ ಕಾಲುವೆ, ಕೆಂಟಕಿಯ ಲೂಯಿವಿಲ್ ಕಾಲುವೆ. ಕಲ್ಲು ಕಡಿಯುವುದರಿಂದ ಅಳತೆ ಹಿಡಿಯುವ ಸಹಾಯಕ, ಅಲ್ಲಿಂದ ಇಂಜಿನಿಯರ್ ಸಹಾಯಕ. ಲೂಯಿವಿಲ್‌ನಲ್ಲಿದ್ದಾಗ ಆ ಕಾಲುವೆಯ ಬಗ್ಗೆ ಮತ್ತು ಸುತ್ತಲಿನ ಭೂರಚನೆಯ ಬಗ್ಗೆ ಒಂದು ಲೇಖನ ಬರೆದು ಸಿಲಿಮನ್ ಎಂಬುವರು ನಡೆಸುತ್ತಿದ್ದ ವಿಜ್ಞಾನ ಪತ್ರಿಕೆಗೆ ಕಳಿಸಿದ. 1828ರಲ್ಲಿ ಅದು ಅಚ್ಚಾಯಿತು. ಅಮೆರಿಕದಲ್ಲಿ ವಿಜ್ಞಾನಕ್ಕೆ ಅದಕ್ಕಿಂತ ದೊಡ್ಡ ಪತ್ರಿಕೆ ಆಗ ಇರಲಿಲ್ಲ. ಬರೆದವನಿಗೆ ಇನ್ನೂ ಮೀಸೆ ಚಿಗುರುವ ವಯಸ್ಸು.

ಓದದೆ ಇಂಜಿನಿಯರ್ ಆಗಿದ್ದು ಹೇಗೆ ಎಂದು ಕೇಳಿದ್ದೀರಿ. ಆ ಕಾಲದ ಅಮೆರಿಕದಲ್ಲಿ ಸಿವಿಲ್ ಇಂಜಿನಿಯರಿಂಗ್ ಹೇಳಿಕೊಡುವ ಕಾಲೇಜುಗಳೇ ಬೆರಳೆಣಿಕೆಯಷ್ಟು. ಈರಿ ಕಾಲುವೆಯ ಮುಖ್ಯ ಇಂಜಿನಿಯರ್‌ಗಳಾದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡ್ಡಿಸ್ ಇಬ್ಬರೂ ನ್ಯಾಯಾಧೀಶರಾಗಿದ್ದವರು. ಜಮೀನು ಸರ್ವೇ ಗೊತ್ತಿತ್ತು, ಮಿಕ್ಕಿದ್ದನ್ನು ಕಾಲುವೆ ತೋಡುತ್ತಲೇ ಕಲಿತರು. ಹಾಗಾಗಿ ಕಾಲುವೆಯ ದಂಡೆಯೇ ಕಾಲೇಜು. ಲ್ಯಾಪಮ್ ಒಬ್ಬರೇ ಏನೂ ಹೀಗಲ್ಲ. ಅವರು ಬೇರೆಯಾಗುವುದು ಕೆಲಸ ಮುಗಿದ ಮೇಲಿನ ಹೊತ್ತನ್ನು ಕಳೆದ ರೀತಿಯಲ್ಲಿ. ಗಿಡ, ಚಿಪ್ಪು, ಕಲ್ಲು, ಮಳೆ, ಗಾಳಿ, ಯಾವುದನ್ನೂ ಬಿಡಲಿಲ್ಲ. ಎಲ್ಲಕ್ಕೂ ಟಿಪ್ಪಣಿ ಪುಸ್ತಕ.

1836ರ ಜುಲೈ 1ಕ್ಕೆ ಮಿಲ್ವಾಕಿಗೆ ಬಂದಿಳಿದರು. ಕರೆಸಿಕೊಂಡದ್ದು ಬೈರನ್ ಕಿಲ್ಬರ್ನ್. ಒಹಾಯೊ ಕಾಲುವೆ ಕೆಲಸದಲ್ಲಿ ಪರಿಚಯವಾದ ಮನುಷ್ಯ, ಈಗ ನದಿಯ ಪಶ್ಚಿಮಕ್ಕೆ ತನ್ನದೇ ಊರು ಕಟ್ಟಲು ಹೊರಟಿದ್ದ. ಪೂರ್ವಕ್ಕೆ ಸಾಲಮನ್ ಜೂನೋ ಎಂಬುವನ ಊರು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಆಚೆ ದಡದ ಬೀದಿಗೆ ಕೂಡದ ಹಾಗೆ ಕಿಲ್ಬರ್ನ್ ಬೇಕಂತಲೇ ತನ್ನ ಬೀದಿಗಳನ್ನು ಗುರುತು ಹಾಕಿಸಿದ. 1845ರಲ್ಲಿ ಸೇತುವೆಗಳಿಗಾಗಿ ಜನ ಬೀದಿಗಿಳಿದು ಹೊಡೆದಾಡಿದರು. ಮುಂದಿನ ಸಲ ಹೋದಾಗ ಮಿಲ್ವಾಕಿ ನದಿಯ ಹಳೆಯ ಸೇತುವೆ ಜಾಗಗಳನ್ನು ಗಮನಿಸಿ, ಹಲವು ಓರೆಯಾಗಿವೆ. ಸರ್ವೇಯವರ ಕಣ್ಣಿಗೆ ತಕ್ಷಣ ಹೊಡೆಯುತ್ತದೆ.

ಲ್ಯಾಪಮ್ ಮೇಲ್ವಿಚಾರಣೆಯಲ್ಲಿ ಆಗಬೇಕಿದ್ದ ದೊಡ್ಡ ಕೆಲಸ ಮಿಲ್ವಾಕಿ–ರಾಕ್ ನದಿ ಕಾಲುವೆ. ಮಿಶಿಗನ್ ಸರೋವರದಿಂದ ರಾಕ್ ನದಿಗೆ, ಅಲ್ಲಿಂದ ಮಿಸಿಸಿಪ್ಪಿಗೆ ದೋಣಿ ದಾರಿ. ಲ್ಯಾಪಮ್ ಮಾರ್ಗ ಗುರುತಿಸಿದರು, ಮಟ್ಟ ತೆಗೆದರು, ಅಂದಾಜು ಕೊಟ್ಟರು. 1838ರಲ್ಲಿ ಕೇಂದ್ರ ಸರ್ಕಾರ ಕಾಲುವೆಯ ಖರ್ಚಿಗೆಂದು ಜಮೀನನ್ನೂ ಕೊಟ್ಟಿತು. ಆ ಜಮೀನಿಗೆ ಮಾಮೂಲಿಗಿಂತ ಎರಡರಷ್ಟು ದರ ಎಂದಾಗ ಅದಾಗಲೇ ಅಲ್ಲಿ ನೆಲೆಸಿದ್ದ ಜನ ತಿರುಗಿಬಿದ್ದರು. ರಾಜಕೀಯ ಹೊಕ್ಕಿತು. ಕಡೆಗೆ ಒಂದು ಅಣೆಕಟ್ಟು, ಮೈಲಿಯೊಂದರ ಆಚೀಚಿನ ಕಾಲುವೆ, ಅಷ್ಟೇ. ಗಿರಣಿಗಳಿಗೆ ನೀರಿನ ಬಲ ಕೊಟ್ಟಿತು ಅನ್ನೋದೊಂದು ಸಮಾಧಾನ. ಆಮೇಲೆ ಅದನ್ನೂ ಮುಚ್ಚಿ ರಸ್ತೆ ಮಾಡಿದರು. ಇಂಜಿನಿಯರ್ ಆಗಿ ಲ್ಯಾಪಮ್ ಹೆಸರು ಹೇಳುವ ದೊಡ್ಡ ಕಟ್ಟಡವೋ ಕಾಲುವೆಯೋ ಒಂದೂ ಇಲ್ಲ ಎನ್ನಬಹುದು. ಆದರೆ ಕಾಲುವೆಗೆಂದು ಹೊತ್ತುಕೊಂಡು ತಿರುಗಿದ ಸಾಮಾನು ಬೇರೆ ಕೆಲಸಕ್ಕೆ ಬಂತು.

ಮಿಲ್ವಾಕಿ ಇರುವ ವಿಸ್ಕಾನ್ಸಿನ್ ರಾಜ್ಯದ ದಿಬ್ಬಗಳು ಬೇರೆ ಕಡೆಯವುಗಳ ಹಾಗಲ್ಲ. ಗುಂಡಗಿನ ಸಮಾಧಿ ದಿಬ್ಬಗಳೂ ಇವೆ, ನೀವು ಲೇಕ್ ಪಾರ್ಕ್‌ನಲ್ಲಿ ನೋಡಿದ್ದು ಅದು. ಆದರೆ ಪ್ರಾಣಿಗಳ ಆಕಾರದವೇ ಇಲ್ಲಿನ ವಿಶೇಷ. ಕರಡಿ, ಹಕ್ಕಿ, ಉದ್ದ ಬಾಲದ ಮೃಗ. ನೂರು, ಇನ್ನೂರು ಅಡಿ ಉದ್ದ. ಎತ್ತರ ಮಾತ್ರ ಬಹಳ ಕಡೆ ನಮ್ಮ ಹೊಲದ ಬದುವಿಗಿಂತ ಸ್ವಲ್ಪ ಜಾಸ್ತಿ. ಹುಲ್ಲು ಬೆಳೆದಿದ್ದರೆ ಮೇಲೆ ಹತ್ತಿ ಇಳಿದರೂ ಗೊತ್ತಾಗುವುದಿಲ್ಲ. ನೆಲದ ಮೇಲೆ ನಿಂತವರಿಗೆ ಪೂರ್ತಿ ಆಕಾರ ಕಾಣುವುದೇ ಇಲ್ಲ.

ಹಾಗಾದರೆ ಲ್ಯಾಪಮ್‌ಗೆ ಹೇಗೆ ಕಂಡಿತು? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಕಾಲುವೆ ಕೆಲಸದಲ್ಲಿದೆ. ಹತ್ತು ವರ್ಷ ಮಟ್ಟ ತೆಗೆದವರ ಕಣ್ಣು ಅಂಗುಲದ ಏರಿಳಿತಕ್ಕೂ ಪಳಗಿರುತ್ತದೆ. ತಾನಾಗಿ ಇಳಿದ ನೆಲ ಯಾವುದು, ಯಾರೋ ಹೊತ್ತು ತಂದು ಸುರಿದ ಮಣ್ಣು ಯಾವುದು ಅನ್ನೋದು ಅವರಿಗೆ ತಿಳಿಯುತ್ತದೆ. ಇನ್ನು ಅಳತೆ. ನಿಮಗೆ ವಿವರಿಸಬೇಕಾಗಿಲ್ಲ, ಆದರೆ ಬೇರೆ ಓದುಗರಿಗೋಸ್ಕರ ಹೇಳುತ್ತೇನೆ. ತಲೆಯಿಂದ ಬಾಲದ ತುದಿವರೆಗೆ ಒಂದು ನೇರ ಗೆರೆ ಹಾಕಿಕೊಳ್ಳುವುದು, ಅದರ ದಿಕ್ಕನ್ನು ಕಂಪಾಸಿನಲ್ಲಿ ಓದುವುದು. ಗೆರೆಯ ಉದ್ದಕ್ಕೂ ಚೈನು ಎಳೆದು ಅಲ್ಲಲ್ಲಿ ಗೂಟ. ಒಂದೊಂದು ಗೂಟದಿಂದ ಎಡಕ್ಕೆಷ್ಟು, ಬಲಕ್ಕೆಷ್ಟು ದೂರದಲ್ಲಿ ದಿಬ್ಬದ ಬುಡ ಮುಗಿಯುತ್ತದೆ ಎಂದು ಆಫ್‌ಸೆಟ್ ತೆಗೆಯುವುದು. ಸಂಜೆ ಕಾಗದದ ಮೇಲೆ ಚುಕ್ಕಿ ಸೇರಿಸಿದಾಗಲೇ ಕರಡಿಯೋ ಹಕ್ಕಿಯೋ ಎದ್ದು ಬರುವುದು. ನೆಲದಲ್ಲಿ ಕಾಣದ ಪ್ರಾಣಿ ಡ್ರಾಯಿಂಗ್ ಹಾಳೆಯಲ್ಲಿ ಕಾಣುತ್ತದೆ. (ಅಮೆರಿಕದ ಸರ್ಕಾರಿ ಜಮೀನು ಸರ್ವೇಯ ಚೈನು 66 ಅಡಿಯದು. ಅದರ ಅರ್ಧ 33 ಅಡಿ, ಚದರ ಮಾಡಿದರೆ ನಮ್ಮ ಗುಂಟೆ. ಎರಡೂ ಇಂಗ್ಲೆಂಡಿನ ಗುಂಟರ್ ಚೈನಿನ ಮಕ್ಕಳು.)

ಬಂದ ವರ್ಷವೇ, 1836ರಲ್ಲೇ, ಈಗ ವಾಕೆಶಾ ಎನ್ನುವ ಊರಲ್ಲಿ ಆಮೆಯಾಕಾರದ ದಿಬ್ಬವೊಂದನ್ನು ಅಳೆದು ಸ್ಥಳೀಯ ಪತ್ರಿಕೆಗೆ ಬರೆದರು. ಮೈ 56 ಅಡಿ, ಬಾಲ 250 ಅಡಿ. ಮುಂದೆ ಊರು ಬೆಳೆದು ಅದನ್ನು ನುಂಗಿತು. ಈ ಅವಸರ ಅವರಿಗೆ ಮೊದಲೇ ಅರ್ಥವಾಗಿತ್ತು. ನೇಗಿಲು ಬರುತ್ತಿದೆ, ಬೀದಿ ಬರುತ್ತಿದೆ, ಇವತ್ತು ಅಳೆಯದಿದ್ದರೆ ನಾಳೆ ಇರುವುದಿಲ್ಲ ಎಂದು ಹೇಳುತ್ತಲೇ ಬಂದರು. ಕಡೆಗೆ ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಸುತ್ತಾಟದ ಖರ್ಚು ಕೊಡಲು ಒಪ್ಪಿತು. ದುಡಿಮೆಗೆ ಸಂಬಳ ಇಲ್ಲ. 1850ರಿಂದ 1852ರವರೆಗೆ ಕೆರೆ ದಂಡೆ, ನದಿ ದಂಡೆ ಹಿಡಿದು ತಿರುಗಿದರು. 1855ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ‘ವಿಸ್ಕಾನ್ಸಿನ್‌ನ ಪ್ರಾಚೀನ ಅವಶೇಷಗಳು’ ಎಂಬ ಅರ್ಥದ ಹೆಸರಲ್ಲಿ ಆ ಗ್ರಂಥವನ್ನು ಪ್ರಕಟಿಸಿತು. 50ಕ್ಕೂ ಹೆಚ್ಚು ಪುಟಗಾತ್ರದ ನಕ್ಷೆಗಳಿವೆ. ನಾನು ಮತ್ತೆ ಮತ್ತೆ ತೆಗೆದು ನೋಡುವುದು ಆ ನಕ್ಷೆಗಳನ್ನೇ, ಪಠ್ಯವನ್ನು ಕಡಿಮೆ.

ಪಠ್ಯದಲ್ಲಿ ಒಂದು ಮಾತು ಮಾತ್ರ ಬಹಳ ಬೆಲೆಯುಳ್ಳದ್ದು. ಆ ಕಾಲದ ಓದಿದ ಅಮೆರಿಕನ್ನರಲ್ಲಿ ಬಹುತೇಕರು ಈ ದಿಬ್ಬಗಳನ್ನು ಕಟ್ಟಿದ್ದು ಇಂಡಿಯನ್ನರಲ್ಲ (ಅಲ್ಲಿನ ಮೂಲನಿವಾಸಿಗಳನ್ನು ಆಗ ಕರೆಯುತ್ತಿದ್ದುದು ಹಾಗೆ) ಎಂದೇ ನಂಬಿದ್ದರು. ಯಾವುದೋ ಮಾಯವಾದ ಜನಾಂಗ, ಇಸ್ರೇಲಿನಿಂದ ಕಳೆದುಹೋದ ಬುಡಕಟ್ಟು, ಹೀಗೆ ಏನೇನೋ. ಈ ನಂಬಿಕೆ ಯಾರಿಗೆ ಅನುಕೂಲ ಅನ್ನೋದನ್ನೂ ನೋಡಿ. ಇಂಡಿಯನ್ನರನ್ನು ಪಶ್ಚಿಮಕ್ಕೆ ಓಡಿಸುವ ಕಾನೂನು ಬಂದಿದ್ದು 1830ರಲ್ಲಿ. ಇವರೂ ಹೊರಗಿನಿಂದ ಬಂದವರೇ, ಮೊದಲಿದ್ದವರನ್ನು ಇವರೇ ಮುಗಿಸಿದರು ಎಂದರೆ ಓಡಿಸುವವರ ಮನಸ್ಸು ಹಗುರ. ಲ್ಯಾಪಮ್ ಇದನ್ನು ಒಪ್ಪಲಿಲ್ಲ. ಇಲ್ಲಿರುವುದೆಲ್ಲ ಮಣ್ಣಿನ ಕೆಲಸ. ಈಗಿರುವ ಜನರ ಪೂರ್ವಿಕರೇ ಕಟ್ಟಿರಬಹುದು, ಬೇರೆ ಜನಾಂಗವನ್ನು ಎಳೆದು ತರುವ ಅಗತ್ಯವೇ ಇಲ್ಲ ಎಂದು ಬರೆದರು. ಗುಡ್ಡದಷ್ಟು ಮಣ್ಣು ಕಂಡರೆ ಕವಿಗಳಿಗೆ ಸಾಮ್ರಾಜ್ಯ ನೆನಪಾಗಬಹುದು. ಕಾಲುವೆ ಗುತ್ತಿಗೆಯವರ ಮಗನಿಗೆ ಅದು ಇಷ್ಟು ಜನ, ಇಷ್ಟು ಬುಟ್ಟಿ, ಇಷ್ಟು ದಿನ. ಇದು ನನ್ನ ಊಹೆ, ಅವರು ಈ ಮಾತು ಹೇಳಿಲ್ಲ. ಆದರೆ ಅಂದಾಜು ಪಟ್ಟಿ ಬರೆದವರ ತಲೆ ಹೀಗೇ ಓಡುವುದು. ಸ್ಮಿತ್‌ಸೋನಿಯನ್ ಕಡೆಯಿಂದಲೇ ಸೈರಸ್ ಥಾಮಸ್ ಎಂಬುವರು ದೇಶದುದ್ದಕ್ಕೂ ದಿಬ್ಬ ಪರೀಕ್ಷಿಸಿ ಮಾಯವಾದ ಜನಾಂಗದ ಕಥೆಗೆ ಪೂರ್ಣವಿರಾಮ ಹಾಕಿದ್ದು 1894ರಲ್ಲಿ.

ಅಜ್ಟಲಾನ್ ವಿಷಯವೂ ಇಂಥದ್ದೇ. ಮಿಲ್ವಾಕಿಯ ಪಶ್ಚಿಮಕ್ಕೆ, ಕ್ರಾಫಿಶ್ ನದಿಯ ದಡದಲ್ಲಿ, ಮಣ್ಣಿನ ಕೋಟೆಯಿದ್ದ ಒಂದು ಹಳೆಯ ಊರು. 1837ರಲ್ಲಿ ಅದರ ನಕ್ಷೆ ಮಾಡಿದ ನಥಾನಿಯೆಲ್ ಹೈಯರ್ ಮೆಕ್ಸಿಕೋದ ಅಜ್ಟೆಕ್ ಜನರ ಮೂಲನೆಲೆ ಇದೇ ಇರಬೇಕೆಂದು ಆ ಹೆಸರಿಟ್ಟ. ಅಲ್ಲಿ ‘ಇಟ್ಟಿಗೆ’ ಗೋಡೆಗಳಿವೆ ಎಂಬ ಸುದ್ದಿಯೂ ಹಬ್ಬಿತ್ತು. ಲ್ಯಾಪಮ್ 1850ರಲ್ಲಿ ಹೋಗಿ ಅಳೆದು, ಕೆದಕಿ ನೋಡಿದರು. ಇಟ್ಟಿಗೆಯೂ ಇಲ್ಲ, ಏನೂ ಇಲ್ಲ. ಹುಲ್ಲು ಕಲಸಿ ಮೆತ್ತಿದ ಜೇಡಿಮಣ್ಣು ಬೆಂಕಿಗೆ ಸಿಕ್ಕಿ ಬೆಂದ ತುಂಡುಗಳು. ಮಿಸಿಸಿಪ್ಪಿ ಕಡೆಯ ಕಹೋಕಿಯಾ ಎಂಬ ದೊಡ್ಡ ಪಟ್ಟಣದ ಸಂಪರ್ಕವಿದ್ದ ಊರು ಇದು, ಸುಮಾರು ಕ್ರಿ.ಶ. 1100ರಿಂದ 1250ರ ನಡುವಿನದು ಎಂದು ಈಗ ಗೊತ್ತಾಗಿದೆ. ಹೈಯರ್ ಇಟ್ಟ ಹೆಸರು ಮಾತ್ರ ಹಾಗೇ ಉಳಿದಿದೆ.

ಈಗ ಎಡವಿದ ಕಡೆಗೆ ಬರೋಣ. ಉದ್ದ ಬಾಲದ ದಿಬ್ಬಗಳನ್ನು ಲ್ಯಾಪಮ್ ಆಮೆ, ಹಲ್ಲಿ ಎಂದು ಕರೆದರು. ಇವತ್ತಿನ ವಿದ್ವಾಂಸರು ಅವುಗಳಲ್ಲಿ ಹೆಚ್ಚಿನವನ್ನು ನೀರಿನ ದೈವ ಎಂದು ಗುರುತಿಸುತ್ತಾರೆ. ನೀರಿನಡಿಯ ಲೋಕಕ್ಕೆ ಸೇರಿದ, ಉದ್ದ ಬಾಲದ ಚಿರತೆಯಂಥ ಜೀವ. ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರಲ್ಲಿ ಗುಡುಗು ಹಕ್ಕಿಯ ಕುಲ, ಕರಡಿಯ ಕುಲ, ನೀರಿನ ದೈವದ ಕುಲ ಇವತ್ತಿಗೂ ಇವೆ. ಆಕಾಶದ ಪ್ರಾಣಿಗಳು ಎತ್ತರದ ನೆಲದಲ್ಲಿ ಹೆಚ್ಚು, ನೀರಿನ ದೈವಗಳು ಕೆರೆ ತೊರೆಗಳ ಹತ್ತಿರ ಹೆಚ್ಚು. ಇದನ್ನೆಲ್ಲ ಆಗಲೇ ತಿಳಿಯಲು ಒಂದು ದಾರಿ ಇತ್ತು, ಆ ಜನರನ್ನೇ ಕೂತು ಕೇಳುವುದು. ಲ್ಯಾಪಮ್ ಆ ಕೆಲಸ ಮಾಡಿದ್ದು ಬಹಳ ಕಡಿಮೆ. 1837ರ ಒಪ್ಪಂದದಲ್ಲಿ ಹೋ-ಚಂಕ್ ಜನ ವಿಸ್ಕಾನ್ಸಿನ್‌ನಲ್ಲಿ ಉಳಿದಿದ್ದ ನೆಲವನ್ನೂ ಕಳೆದುಕೊಂಡಿದ್ದರು. ಹೀಗೆಯೇ ಬೇರೆ ಮೂಲನಿವಾಸಿಗಳ ಕೈತಪ್ಪಿದ ನೆಲವನ್ನು ತುಂಡು ಮಾಡಿ ಮಾರುವ ವ್ಯವಹಾರದಿಂದಲೇ ಮಿಲ್ವಾಕಿಯ ಮೊದಲ ಸಂಪಾದನೆ. ಲ್ಯಾಪಮ್ ಕೂಡ ಜಮೀನು ವ್ಯವಹಾರದಲ್ಲಿದ್ದವರು. ಪ್ಲಾಟು ಗುರುತಿಸುವ ಚೈನೂ ದಿಬ್ಬ ಅಳೆಯುವ ಚೈನೂ ಒಂದೇ ಕೈಯಲ್ಲಿತ್ತು. ಅವರನ್ನು ಹೊಗಳುವವರು ಇದನ್ನು ಹೇಳದೆ ಜಾರಿಕೊಳ್ಳುತ್ತಾರೆ.

ಅಗೆತದ ವಿಚಾರದಲ್ಲೂ ಇಂದಿನ ಲೆಕ್ಕಕ್ಕೆ ಅವರು ಸಾಲದು. ಎಷ್ಟೋ ಕಡೆ ನಡುವೆ ಗುಂಡಿ ತೋಡಿ ಮೂಳೆ ಸಿಕ್ಕಿತೋ ಇಲ್ಲವೋ ನೋಡಿದ್ದಷ್ಟೇ. ಆ ಒಂದು ವಿಷಯದಲ್ಲಿ ನಮ್ಮ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಮುಂದೆ. ಅದೇ 1850ರ ಆಸುಪಾಸು, ಅವನೂ ಕಾಲೇಜಿಲ್ಲದೆ ಸರ್ವೇ, ರಸ್ತೆ, ಕೆರೆ ಕೆಲಸ ಕಲಿತವನು. ಭೀಮಾ ತೀರದ ಜೇವರ್ಗಿ ಬಳಿ ಕಲ್ಲುವೃತ್ತದ ಸಮಾಧಿಗಳನ್ನು ಅಗೆಸಿ ಪದರ ಪದರವಾಗಿ ಚಿತ್ರ ಬರೆದಿಟ್ಟ. ಮುಂದೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದನ್ನು ಮೆಚ್ಚಿಕೊಂಡರು. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು, ಎರಡು ಖಂಡ. ಅದು ಬೇರೆಯದೇ ಕಥೆ, ಇಲ್ಲಿಗೆ ಬಿಡೋಣ.

ಹಾಗಾದರೂ ಅಳತೆ ನಂಬಬಹುದು ಎಂದೆ, ಯಾಕೆ? ಯಾಕಂದರೆ ಪರೀಕ್ಷೆ ಮಾಡಲು ಸಾಧ್ಯವಿದೆ. ಉಳಿದಿರುವ ದಿಬ್ಬಗಳ ಮೇಲೆ ಈಗ ಲೈಡಾರ್ ಸರ್ವೇ ನಡೆದಿದೆ, ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಹಿಡಿಯುವ ವಿಧಾನ. ಲ್ಯಾಪಮ್ ಎಲ್ಲಿ ಏನಿತ್ತು ಎಂದು ಹೇಳಿದ್ದಾರೋ ಅಲ್ಲಿ ಹುಡುಕಿ ಸವೆದ ಗುರುತು ಕಂಡುಕೊಳ್ಳಲು ಅವರ ನಕ್ಷೆಯೇ ಆಧಾರ. ಒಂದು ಎಚ್ಚರ: ಕೆಲವು ನಕ್ಷೆ ಬೇರೆಯವರು ಅಳೆದು ಅವರಿಗೆ ಕಳಿಸಿದ್ದು. ಅಲ್ಲಿ ಗುಣಮಟ್ಟ ಏರುಪೇರು. ಸ್ವತಃ ಅಳೆದದ್ದು, ಬೇರೆಯವರಿಂದ ಬಂದದ್ದು ಎರಡನ್ನೂ ಬೇರೆ ಮಾಡಿ ಓದಬೇಕು. ಒಂದು ಕಾಲಕ್ಕೆ ರಾಜ್ಯದಲ್ಲಿ 15ರಿಂದ 20 ಸಾವಿರ ದಿಬ್ಬ ಇದ್ದವೆಂದು ಅಂದಾಜು. ಉಳಿದಿರುವುದು ಸುಮಾರು 4 ಸಾವಿರ. ಹೋದವುಗಳಲ್ಲಿ ಎಷ್ಟಕ್ಕೋ ಲ್ಯಾಪಮ್ ಹಾಳೆ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಕಾಲ ಮಾತ್ರ ಅವರಿಗೆ ತಿಳಿಯುವಂತಿರಲಿಲ್ಲ, ಇಂಗಾಲದ ಕಾಲನಿರ್ಣಯ ಬಂದಿದ್ದು 1949ರ ನಂತರ. ಪ್ರಾಣಿ ದಿಬ್ಬಗಳು ಹೆಚ್ಚಾಗಿ ಕ್ರಿ.ಶ. 700ರಿಂದ 1100ರ ಒಳಗಿನವು.

ದಿಬ್ಬ ಬಿಟ್ಟು ಬೇರೆ ಏನು ಮಾಡಿದರು ಅಂದರೆ ಪಟ್ಟಿ ಮುಗಿಯುವುದಿಲ್ಲ. ಒಂದನ್ನು ಹೇಳದೆ ಇರಲಾರೆ. ವರ್ಷಗಟ್ಟಲೆ ಗಾಳಿಭಾರ, ಉಷ್ಣಾಂಶ ಬರೆದಿಟ್ಟವರಿಗೆ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದು ಗೊತ್ತಿತ್ತು. ಪಶ್ಚಿಮದ ಊರಿಂದ ತಂತಿ ಬಂದರೆ ಸರೋವರದ ಹಡಗಿಗೆ ಮೊದಲೇ ಎಚ್ಚರಿಕೆ ಕೊಡಬಹುದು. 1869ರ ಡಿಸೆಂಬರಿನಲ್ಲಿ ಹಡಗು ದುರಂತಗಳ ಪಟ್ಟಿ ಮಾಡಿ ಮಿಲ್ವಾಕಿಯ ಸಂಸದ ಹಾಲ್ಬರ್ಟ್ ಪೇನ್‌ಗೆ ಕಳಿಸಿದರು. ಪೇನ್ ಮಸೂದೆ ಮಂಡಿಸಿದರು. 1870ರ ಫೆಬ್ರವರಿ 9ಕ್ಕೆ ಅಧ್ಯಕ್ಷ ಗ್ರಾಂಟ್ ಸಹಿ ಬಿತ್ತು. ಅಮೆರಿಕದ ಹವಾಮಾನ ಇಲಾಖೆಯ ಬೇರು ಅದೇ. ಆ ವರ್ಷ ನವೆಂಬರ್ 8ರಂದು ಶಿಕಾಗೋದಲ್ಲಿ ಕೂತು ಅದರ ಮೊದಲ ಬಿರುಗಾಳಿ ಮುನ್ಸೂಚನೆ ಬರೆದವರೂ ಲ್ಯಾಪಮ್: ಸರೋವರಗಳ ಉದ್ದಕ್ಕೂ ಜೋರು ಗಾಳಿಯ ಸಂಭವ.

1873ರಲ್ಲಿ ರಾಜ್ಯದ ಮುಖ್ಯ ಭೂವಿಜ್ಞಾನಿ ಹುದ್ದೆ ಸಿಕ್ಕಿತು. ಎರಡು ವರ್ಷಕ್ಕೇ ಅವರನ್ನು ಇಳಿಸಿ ರಾಜಕೀಯದವರಿಗೆ ಬೇಕಾದವರನ್ನು ಕೂರಿಸಿದರು. ಅದೇ 1875ರ ಸೆಪ್ಟೆಂಬರ್ 14ರಂದು ಒಕಾನಮವಾಕ್ ಕೆರೆಯಲ್ಲಿ ದೋಣಿಯಲ್ಲಿದ್ದಾಗ ತೀರಿಕೊಂಡರು. ಸಣ್ಣ ಕೆರೆಗಳಲ್ಲಿ ಮೀನು ಸಾಕುವ ಬಗ್ಗೆ ಒಂದು ಲೇಖನವನ್ನು ಆಗಷ್ಟೇ ಮುಗಿಸಿದ್ದರು.

ಮುಂದಿನ ಸಲ ಒಂದು ದಿನ ಕಾರು ಸಿಕ್ಕರೆ ಮಿಲ್ವಾಕಿಯಿಂದ ಪಶ್ಚಿಮಕ್ಕೆ ಹೋಗಿ. ಡೆಲಫೀಲ್ಡ್ ಬಳಿ ಲ್ಯಾಪಮ್ ಪೀಕ್, 1,233 ಅಡಿಯ ಗುಡ್ಡ, ಮೇಲೆ ಗೋಪುರ ಇದೆ. ಅಲ್ಲಿಂದ ಮುಂದೆ ಅಜ್ಟಲಾನ್. ಅಲ್ಲಿ ಮರದ ಕೋಟೆ ಗೋಡೆಯ ಒಂದಷ್ಟು ಭಾಗ ಮತ್ತೆ ನಿಲ್ಲಿಸಿದ್ದಾರೆ. ಸಮಯ ಕಡಿಮೆ ಇದ್ದರೆ ಇವೆರಡನ್ನೂ ಬಿಟ್ಟು ಫೋರ್ಟ್ ಆಟ್ಕಿನ್ಸನ್‌ಗೇ ಹೋಗಿ ಎನ್ನುತ್ತೇನೆ. ರಾಕ್ ನದಿಯ ಪಕ್ಕದ ರಸ್ತೆಯಂಚಿನಲ್ಲಿ, ಮನೆಗಳ ನಡುವೆ, ದಿಬ್ಬಕ್ಕೆ ತದ್ವಿರುದ್ಧವಾದದ್ದೊಂದಿದೆ. ಮಣ್ಣು ಪೇರಿಸುವ ಬದಲು ನೆಲವನ್ನೇ ಪ್ರಾಣಿಯಾಕಾರಕ್ಕೆ ತೋಡಿದ್ದಾರೆ. ಲ್ಯಾಪಮ್ 1850ರಲ್ಲಿ ಗುರುತಿಸಿದಾಗ 125 ಅಡಿ ಉದ್ದ ಇತ್ತು. ಇಂಥ ತಗ್ಗು ಚಿತ್ರಗಳು ವಿಸ್ಕಾನ್ಸಿನ್‌ನಲ್ಲಿ ಹತ್ತರ ಆಸುಪಾಸು ದಾಖಲಾಗಿದ್ದವು, ಈಗ ಉಳಿದಿರುವುದು ಇದೊಂದೇ. ಬಾಲದ ತುದಿ ಒಬ್ಬರ ಮನೆಗೆ ಕಾರು ಹೋಗುವ ದಾರಿಯಲ್ಲಿ ಹೋಗಿದೆ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಬಿಸಿಲು ಓರೆಯಾಗಿದ್ದಾಗ ಅಂಚು ಚೆನ್ನಾಗಿ ಕಾಣುತ್ತದೆ. ನಡು ಮಧ್ಯಾಹ್ನ ಬರೀ ಹುಲ್ಲು. ದಿಬ್ಬಗಳಲ್ಲಿ ಬಹಳಷ್ಟು ಸಮಾಧಿಗಳು, ಕಾನೂನಿನ ರಕ್ಷಣೆಯೂ ಇದೆ, ಆದ್ದರಿಂದ ಅಳೆಯುವ ಆಸೆಯಾದರೆ ಅಂಚಿನ ಹೊರಗೆ ನಿಂತೇ ಟೇಪು ಹಿಡಿಯಿರಿ. ಲ್ಯಾಪಮ್ ನಕ್ಷೆಗಳ ಸ್ಕ್ಯಾನ್ ಪ್ರತಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೊರಡುವ ಮುಂಚೆ ಆ ಹಾಳೆಯೊಂದನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ.